ವಾಲ್ವ್ ಮುಚ್ಚುತ್ತಿಲ್ಲ ಅಂದ್ರೆ ಕಾಯಿಲ್‌ಗೆ ದುಡ್ಡು ಕೊಡಬೇಡಿ

ತೋಟಕ್ಕೆ ಡ್ರಿಪ್ ಹಾಕಿಸಿ, ವಾಲ್ವ್‌ಗಳನ್ನು ತಾನೇ ಆನ್-ಆಫ್ ಮಾಡುವ ಕಂಟ್ರೋಲರ್ ಕೂರಿಸಿಕೊಂಡಿರುವವರು ಇದನ್ನೊಮ್ಮೆ ಓದಿ. ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟ್ ಕೊಟ್ಟರೆ ತೆರೆಯುವ ವಾಲ್ವ್ ನೋಡಲು ಕರೆಸಿದ ಸರ್ವಿಸ್‌ನವನು ನಮ್ಮಿಂದ ಅದರ ಮೇಲೆ ಕೂರುವ ಎರಡು ಕಾಯಿಲ್‌ಗಳ (ತಂತಿ ಸುರುಳಿಗಳ) ದುಡ್ಡು ಕಿತ್ತ. ಕೆಟ್ಟಿದ್ದು ಕಾಯಿಲ್ ಅಲ್ಲವೇ ಅಲ್ಲ.

ತೊಂದರೆ ಇಷ್ಟೇ. ಅಡಿಕೆಯ ಒಂದು ಲೈನ್ ಆಫ್ ಆಗುತ್ತಿರಲಿಲ್ಲ. ಪಂಪ್ ಬೇರೆ ಲೈನಿಗೆ ಓಡುವಾಗಲೂ ಇಲ್ಲಿ ನೀರು ಹರಿಯುತ್ತಿತ್ತು. ಬಂದವನು ಕಾಯಿಲ್ ಬಿಚ್ಚಿ ಕೈಯಲ್ಲಿ ಹಿಡಿದು ಕರೆಂಟ್ ಕೊಟ್ಟ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. "ನೋಡಿ ಸಾರ್, ಹೋಗಿದೆ" ಅಂದ. ಹೊಸದನ್ನೂ ಹಾಗೇ ಕೈಯಲ್ಲಿ ಹಿಡಿದು ಚೆಕ್ ಮಾಡಿದ, ಅದೂ ಸುಟ್ಟಿತು. "ಈಗಿನ ಮಾಲೇ ಸರಿ ಇಲ್ಲ" ಅಂತ ಮತ್ತೊಂದು ಹಾಕಿದ. ನೀರು ಮಾತ್ರ ನಿಲ್ಲಲಿಲ್ಲ.

ಇಂಥ ಕಾಯಿಲ್‌ಗಳು ಸಾಮಾನ್ಯವಾಗಿ 24 ವೋಲ್ಟ್ ಎ.ಸಿ.ಯವು. ಒಳಗೆ ಮೇಲೆ-ಕೆಳಗೆ ಆಡುವ ಕಬ್ಬಿಣದ ಕಡ್ಡಿ, ಅಂದರೆ ಪ್ಲಂಜರ್ ಇದ್ದರೇ ಅವು ಎಳೆಯುವ ಕರೆಂಟ್ ಹಿಡಿತದಲ್ಲಿರುವುದು. ಪ್ಲಂಜರ್ ಇಲ್ಲದ ಹಾಗೆ ವಾಲ್ವ್‌ನಿಂದ ಬಿಚ್ಚಿ ಕರೆಂಟ್ ಕೊಟ್ಟರೆ ಜಾಸ್ತಿ ಎಳೆದು, ಕಾದು, ಸುಡುತ್ತದೆ. ಚೆನ್ನಾಗಿರುವ ಕಾಯಿಲ್ ಕೂಡ. ನಿಮ್ಮೆದುರು ಯಾರಾದರೂ ಹಾಗೆ ಚೆಕ್ ಮಾಡಲು ಹೊರಟರೆ ಅಲ್ಲೇ ತಡೆಯಿರಿ.

ಇನ್ನೊಂದು ವಿಷಯ. ಈ ವಾಲ್ವ್‌ನಲ್ಲಿ ಕಾಯಿಲ್‌ನ ಕೆಲಸ ತೆರೆಯುವುದು. ಮುಚ್ಚುವುದು ನೀರಿನ ಒತ್ತಡ ಮತ್ತು ಸ್ಪ್ರಿಂಗ್. ಹಾಗಾಗಿ ಮೊದಲು ಕಾಯಿಲ್‌ನ ವೈರ್ ಬಿಡಿಸಿ. ಆಗಲೂ ನೀರು ಹರಿದರೆ ಕಾಯಿಲ್ ಮೇಲೆ ಅನುಮಾನ ಪಡುವ ಅಗತ್ಯವೇ ಇಲ್ಲ, ಅಲ್ವಾ? ಕೈಯಿಂದ ತೆರೆಯುವ ಸ್ಕ್ರೂ ಸಡಿಲ ಇದೆಯಾ ನೋಡಿ, ಆಮೇಲೆ ವಾಲ್ವ್ ಬಿಚ್ಚಿ.

ಪಕ್ಕದ ತೋಟದ ಅಣ್ಣ ಮಾಡಿದ್ದೂ ಅದನ್ನೇ. ಗೇಟ್ ವಾಲ್ವ್ ಮುಚ್ಚಿ, ಮುಚ್ಚಳದ ಸ್ಕ್ರೂ ತೆಗೆದು, ನೀರಿನ ದಾರಿ ಮುಚ್ಚುವ ರಬ್ಬರ್ ಪೊರೆ, ಡಯಾಫ್ರಾಂ ಎತ್ತಿ ಬೆಳಕಿಗೆ ಹಿಡಿದರು. ನೀರು ರಬ್ಬರಿನ ಮೇಲಿನ ಕೋಣೆಗೆ ಹೋಗಿ ಅದನ್ನು ಕೆಳಗೆ ಒತ್ತಲು ಅದರಲ್ಲೊಂದು ತೂತಿದೆ, ಸಾಸಿವೆಗಿಂತ ಸಣ್ಣದು. ಬೋರ್‌ವೆಲ್ ನೀರಿನ ಕೆಂಪು ಲೋಳೆ ಅದನ್ನು ಪೂರ್ತಿ ಕಟ್ಟಿತ್ತು. ಮೇಲೆ ಒತ್ತಡವೇ ಇಲ್ಲದಿದ್ದರೆ ರಬ್ಬರ್ ಕೆಳಗೆ ಕೂರುವುದು ಹೇಗೆ? ನೀರು ಬಿಟ್ಟು ತೊಳೆದು, ತೂತು ದೊಡ್ಡದಾಗದ ಹಾಗೆ ಮೀನಿನ ಗಾಳದ ದಾರ ತೂರಿಸಿ ಬಿಡಿಸಿದರು. ಮುಚ್ಚಿಕೊಂಡಿತು.

ವಾಲ್ವ್ ತೆರೆಯುತ್ತಲೇ ಇಲ್ಲ ಅನ್ನೋದು ಬೇರೆ ಕಥೆ. ಪಂಪ್ ಓಡುವಾಗ ಕೈಯಿಂದ ತೆರೆಯುವ ಆ ಸ್ಕ್ರೂವನ್ನು ತಿರುಗಿಸಿ. ನೀರು ಬಂತೋ, ವಾಲ್ವ್ ಸರಿ ಇದೆ. ವೈರ್, ಕಾಯಿಲ್, ಕಂಟ್ರೋಲರ್ ನೋಡಿ. ವೈರ್ ಬಿಡಿಸಿಟ್ಟು ಮಲ್ಟಿಮೀಟರ್ ಹಿಡಿದರೆ ಕಾಯಿಲ್ ಹೆಚ್ಚಾಗಿ 20ರಿಂದ 60 ಓಮ್ ತೋರಿಸುತ್ತದೆ. ಸೊನ್ನೆಯ ಹತ್ತಿರ ಬಂದರೆ ಒಳಗೆ ಶಾರ್ಟ್, ಏನೂ ತೋರದಿದ್ದರೆ ತಂತಿ ಕಡಿದಿದೆ. ಬ್ಯಾಟರಿ ಕಂಟ್ರೋಲರ್‌ನ ಕಾಯಿಲ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಕಾಯಿಲ್ ಸರಿ ಇದ್ದರೆ ಮಣ್ಣಲ್ಲಿ ಹೂತ ವೈರ್ ಜಾಯಿಂಟ್ ಬಿಚ್ಚಿ ನೋಡಿ, ಸುಮಾರು ಸಲ ಅಲ್ಲೇ ಹಸಿರುಗಟ್ಟಿರುತ್ತದೆ.

"ಟಕ್" ಅಂತ ಸದ್ದು ಬಂತು, ವಾಲ್ವ್ ಸರಿ ಇದೆ ಅನ್ನುವವರೂ ಸಿಗುತ್ತಾರೆ. ಆ ಸದ್ದು ಪ್ಲಂಜರ್ ಎದ್ದದ್ದು ಮಾತ್ರ. ನೀರು ಹರಿದು, ನಿಂತದ್ದನ್ನು ನೋಡಿದ ಮೇಲೇ ದುಡ್ಡು ಕೊಡಿ. ಬಿಚ್ಚಿದ ಹಳೇ ಕಾಯಿಲ್ ವಾಪಸ್ ಕೇಳಿ ಇಟ್ಟುಕೊಳ್ಳಿ. ನಮ್ಮದನ್ನು ಅವನೇ ಜೇಬಿಗೆ ಹಾಕಿಕೊಂಡು ಹೋದ.