ವಿಮಾನದ ಥ್ರಾಟಲ್ ಅಂತ ನನಗೆ ಕೊಟ್ಟಿದ್ದು ಟಿಲ್ಲರ್ ಕೇಬಲ್

ನಿನ್ನೆ ರಾತ್ರಿ ಹುಬ್ಬಳ್ಳಿ ಕಡೆಯ ಒಬ್ಬರು ಫೋನ್ ಮಾಡಿದ್ದರು. ಅವರೂ ನನ್ನ ಹಾಗೆ ಮನೆಯಲ್ಲೇ ಸಣ್ಣ ವಿಮಾನ ಕಟ್ಟುತ್ತಿದ್ದಾರೆ. ‘ಥ್ರಾಟಲ್ ಕಿಟ್ ಒಂದು ಸಿಕ್ಕಿದೆ, ಫೋಟೋ ಕಳಿಸ್ತೀನಿ ನೋಡಿ’ ಅಂದರು. ಥ್ರಾಟಲ್ ಅಂದರೆ ಎಂಜಿನ್ ಪವರ್ ಏರಿಸಿ ಇಳಿಸುವುದು, ಬೈಕಿನ ಎಕ್ಸಲೇಟರ್ ಇದ್ದ ಹಾಗೆ. ಫೋಟೋ ನೋಡಿದ ತಕ್ಷಣ ಮೈ ಉರಿದುಹೋಯಿತು. ಅದೇ ಕೆಂಪು ಬಟ್ಟೆ, ಅದರ ಮೇಲೆ ಅದೇ ಕಪ್ಪು ಹಿಡಿ, ಅದೇ ಕೇಬಲ್. ಆರು ತಿಂಗಳ ಹಿಂದೆ ನನಗೆ ಕಳಿಸಿದ್ದ ಅದೇ ಫೋಟೋ. ನಾಚಿಕೆಯಿಂದ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಸುಮ್ನೆ ಇದ್ದದ್ದು ತಪ್ಪಾಯಿತು. ಇವತ್ತು ಪೂರ್ತಿ ಬರೆಯುತ್ತೇನೆ.

ನನ್ನದು ದಾವಣಗೆರೆಯಲ್ಲಿ ಲೇತ್ ವರ್ಕ್‌ಶಾಪ್. ಇಪ್ಪತ್ತೆರಡು ವರ್ಷದ ಕೆಲಸ. ಮುಂಬೈನ ಅಮೋಲ್ ಯಾದವ್ ಮನೆಯ ಮಾಳಿಗೆ ಮೇಲೆ ವಿಮಾನ ಕಟ್ಟಿ 2016ರಲ್ಲಿ ಪ್ರದರ್ಶನಕ್ಕೆ ಇಟ್ಟಾಗ ಪೇಪರಿನಲ್ಲಿ ಓದಿದೆ. ಆವತ್ತಿನಿಂದ ಹತ್ತಿದ ಹುಚ್ಚು ಇದು. ಆನಗೋಡು ಹತ್ತಿರ ನಮ್ಮ ಜಮೀನಿನ ಶೆಡ್‌ನಲ್ಲಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೇನೆ. ವಿಮಾನಗಳಿಗೆ ಅನುಮತಿ ಕೊಡುವ ಸರ್ಕಾರಿ ಇಲಾಖೆ ಡಿಜಿಸಿಎ ಒಪ್ಪದೆ ಹಾರಿಸುವ ಮಾತೇ ಇಲ್ಲ, ಇನ್ನೂ ನೆಲದ ಮೇಲೆ ಎಂಜಿನ್ ಓಡಿಸುವ ಹಂತ. ಎಂಜಿನ್ ಸೆಕೆಂಡ್ ಹ್ಯಾಂಡ್ ರೋಟ್ಯಾಕ್ಸ್ 912, 80 ಹಾರ್ಸ್‌ಪವರ್. ನಾಲ್ಕು ಸಿಲಿಂಡರ್, ಎರಡು ಬಿಂಗ್ ಕಂಪನಿಯ ಕಾರ್ಬ್ಯುರೇಟರ್ (ಗಾಳಿ, ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ). ಎಡಗಡೆಯ ಎರಡು ಸಿಲಿಂಡರಿಗೆ ಒಂದು, ಬಲಗಡೆಯ ಎರಡಕ್ಕೆ ಒಂದು.

ಈ ಕಿಟ್ ಮಾರುವವನು ಬೆಂಗಳೂರಿನವನು. ಹೆಸರು ಬರೆಯುವುದಿಲ್ಲ. ‘ಏರ್‌ಕ್ರಾಫ್ಟ್ ಗ್ರೇಡ್ ಸಾರ್, ಲಿವರ್, ಕೇಬಲ್, ಒಂದು ಕೇಬಲನ್ನು ಎರಡು ಮಾಡುವ ಬಾಕ್ಸ್, ಎಲ್ಲ ಸೇರಿ 18,500’ ಅಂದ. ಸರ್ಟಿಫಿಕೇಟ್ ಕೇಳಿದೆ. ಒಂದು ಕಾಗದದ ಫೋಟೋ ಕಳಿಸಿದ. ದುಡ್ಡು ಹಾಕಿದೆ. ಎಂಜಿನ್ ಯಾವುದು ಅಂತ ಅವನು ಕೇಳಲೇ ಇಲ್ಲ. ಇದನ್ನು ಇನ್ನೊಂದು ಸಲ ಓದಿ. ಎಂಜಿನ್ ಯಾವುದು ಅಂತ ಕೇಳದೆ ಥ್ರಾಟಲ್ ಕಿಟ್ ಮಾರಿದ. ನಾನೂ ಹೇಳಲಿಲ್ಲ. ಬೈಕಿಗೆ ಬ್ರೇಕ್ ಕೇಬಲ್ ತಗೊಳ್ಳುವಾಗಲೂ ಅಂಗಡಿಯವನು ಯಾವ ಗಾಡಿ ಅಂತ ಕೇಳುತ್ತಾನೆ, ಅಲ್ವಾ?

ಯಾಕೆ ಅದು ಇಷ್ಟು ಮುಖ್ಯ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೈಕ್, ಟಿಲ್ಲರ್, ರೋಟ್ಯಾಕ್ಸ್ 582 ಥರದ ಟೂ ಸ್ಟ್ರೋಕ್, ಇವುಗಳಲ್ಲಿ ಸ್ಪ್ರಿಂಗ್ ಕಾರ್ಬ್ಯುರೇಟರಿನ ಥ್ರಾಟಲ್ ಅನ್ನು ಮುಚ್ಚುತ್ತದೆ, ಕೇಬಲ್ ಎಳೆದು ತೆರೆಯುತ್ತದೆ. ಕೇಬಲ್ ಕಟ್ಟಾದರೆ ಎಂಜಿನ್ ಐಡ್ಲಿಂಗ್‌ಗೆ, ಅಂದರೆ ತೀರಾ ನಿಧಾನ ಓಟಕ್ಕೆ ಬರುತ್ತದೆ. 912ರಲ್ಲಿ ಪೂರ್ತಿ ಉಲ್ಟಾ. ಸ್ಪ್ರಿಂಗ್ ತೆರೆಯುತ್ತದೆ, ಕೇಬಲ್ ಎಳೆದು ಮುಚ್ಚಬೇಕು. ಆಕಾಶದಲ್ಲಿ ಕೇಬಲ್ ಹೋದರೂ ಎಂಜಿನ್ ಪವರ್ ಉಳಿಯಲಿ ಅಂತ ಹಾಗೆ ಮಾಡಿದ್ದಾರೆ. ಅಂದರೆ ಐಡ್ಲಿಂಗ್‌ನಲ್ಲಿ ನಿಲ್ಲಿಸುವುದಕ್ಕೇ ಕೇಬಲ್ ಬಿಗಿಯಾಗಿ ಎಳೆದು ಹಿಡಿದಿರಬೇಕು. ನೆಲದ ಮೇಲೆ ಕೇಬಲ್ ಬಿಟ್ಟುಕೊಂಡರೆ ಏನಾಗುತ್ತದೆ ಯೋಚನೆ ಮಾಡಿ.

ಕಿಟ್ ಬಂತು. ಕೂರಿಸಿ ನೋಡಿದರೆ ಲಿವರ್ ಮುಂದೆ ತಳ್ಳಿದಾಗ ಕೇಬಲ್ ಎಳೆಯುತ್ತಿದೆ. ವಿಮಾನದಲ್ಲಿ ಮುಂದೆ ತಳ್ಳಿದರೆ ಪವರ್ ಏರಬೇಕು. ನನ್ನ ಎಂಜಿನ್‌ಗೆ ಮುಂದೆ ತಳ್ಳಿದರೆ ಇಳಿಯುತ್ತಿತ್ತು. ಅವನಿಗೆ ಫೋನ್ ಮಾಡಿದೆ. ‘ತಿರುಗಿಸಿ ಹಾಕಿಕೊಳ್ಳಿ ಸಾರ್, ಅಷ್ಟೇ’ ಅಂದ. ನಾನು ಅಲ್ಲಿಗೇ ನಿಲ್ಲಿಸಿ ಕಿಟ್ ವಾಪಸ್ ಕಳಿಸಬೇಕಿತ್ತು. ಕಳಿಸಲಿಲ್ಲ. ಕೈಯಲ್ಲಿ ಲೇತ್ ಇದೆ, ಡ್ರಿಲ್ ಇದೆ ಅನ್ನುವ ಧೈರ್ಯ. ಲಿವರಿನ ಪಿವಟ್‌ಗೆ ಆ ಕಡೆ ಹೊಸ ತೂತು ಹೊಡೆದು ಕೇಬಲ್ ಅಲ್ಲಿಗೆ ಸಿಕ್ಕಿಸಿದೆ. ಸರಿಹೋಯಿತು ಅಂದುಕೊಂಡೆ. ಆದರೆ ಎರಡು ಸ್ಪ್ರಿಂಗಿನ ಎಳೆತಕ್ಕೆ ಲಿವರ್ ತಾನಾಗಿಯೇ ಮುಂದೆ ಸರಿಯುತ್ತಿತ್ತು. ಬಿಗಿ ಮಾಡುವ ನಟ್ ತಿರುಗಿಸಿದೆ. ಒಳಗೆ ಪ್ಲಾಸ್ಟಿಕ್ ವಾಷರ್, ಎಷ್ಟು ಬಿಗಿ ಮಾಡಿದರೂ ಜಾರುತ್ತಿತ್ತು. ಇದು ಎರಡನೇ ಸೂಚನೆ. ಅದನ್ನೂ ಬಿಟ್ಟೆ.

ಮೆಕ್ಕೆಜೋಳ ಕಟಾವಾಗಿತ್ತು, ಹೊಲ ಖಾಲಿ. ಬೆಳಗ್ಗೆ ಗಾಳಿ ಏಳುವ ಮೊದಲು ವಿಮಾನದ ಬಾಲವನ್ನು ಟ್ರಾಕ್ಟರ್‌ಗೆ ಹಗ್ಗದಿಂದ ಕಟ್ಟಿದೆವು, ಚಕ್ರಕ್ಕೆ ಕಟ್ಟಿಗೆ ತುಂಡು ಕೊಟ್ಟೆವು. ನನ್ನ ಅಣ್ಣನ ಮಗ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ರೆಕ್ಕೆಯ ತುದಿ ಹತ್ತಿರ ನಿಂತಿದ್ದ. ಊರಿನ ನಾಲ್ಕಾರು ಜನ ದೂರದಲ್ಲಿ ನಿಂತು ನೋಡುತ್ತಿದ್ದರು. ಎಂಜಿನ್ ಚೆನ್ನಾಗಿ ಹಿಡಿಯಿತು. ಎಣ್ಣೆ ಬಿಸಿಯಾಗುವವರೆಗೆ ಕಾದೆ. 3,000 ಆರ್‌ಪಿಎಂವರೆಗೆ ಒಯ್ದೆ, ವಾಪಸ್ ತಂದೆ. ಆರೇಳು ನಿಮಿಷ ಆಗಿರಬೇಕು. ಇನ್ನೊಂದು ಸಲ ಐಡ್ಲಿಂಗ್‌ಗೆ ಎಳೆದಾಗ ಬಾಕ್ಸಿನಲ್ಲಿ ಟಪ್ ಅಂತ ಏನೋ ಆಯಿತು.

ಎಡಗಡೆಯ ಕಾರ್ಬ್ಯುರೇಟರ್ ಪೂರ್ತಿ ತೆರೆದುಕೊಂಡಿತು, ಬಲಗಡೆಯದು ಐಡ್ಲಿಂಗ್‌ನಲ್ಲೇ ಇತ್ತು. ಇಡೀ ವಿಮಾನ ಕಿತ್ತುಹೋಗುವ ಹಾಗೆ ನಡುಗಿತು. ಲಿವರ್ ಪೂರ್ತಿ ಹಿಂದೆ ಎಳೆದೆ, ಏನೂ ಆಗಲಿಲ್ಲ. ಮತ್ತೆ ಎಳೆದೆ. ಕೈಯಲ್ಲಿ ಥ್ರಾಟಲ್ ಇದೆ, ಎಂಜಿನ್ ನನ್ನ ಮಾತು ಕೇಳುತ್ತಿಲ್ಲ. ಹಗ್ಗ ಬಿಲ್ಲಿನ ಹಾಗೆ ಬಿಗಿಯಾಗಿತ್ತು. ‘ಚಿಕ್ಕಪ್ಪಾ, ಆಫ್ ಮಾಡು, ಆಫ್ ಮಾಡು’ ಅಂತ ಹುಡುಗ ಕಿರುಚಿದ. ಅವನ ಕೂಗು ಕೇಳಿದ ಮೇಲೆಯೇ ನನಗೆ ಎರಡು ಇಗ್ನಿಷನ್ ಸ್ವಿಚ್ ನೆನಪಾದದ್ದು. ಎರಡನ್ನೂ ಆಫ್ ಮಾಡಿದೆ. ನಿಂತಿತು. ಇಳಿದಾಗ ಕಾಲು ನಡುಗುತ್ತಿತ್ತು. ಹುಡುಗನ ಮುಖ ನೋಡುವುದಕ್ಕೆ ಆಗಲಿಲ್ಲ. ಅವನು ಪ್ರೊಪೆಲರಿನಿಂದ ಹದಿನೈದು ಅಡಿ ದೂರದಲ್ಲಿದ್ದ. ಹಗ್ಗ ಕಟ್ಟಿರದಿದ್ದರೆ?

ಬಾಕ್ಸ್ ಬಿಚ್ಚಿದೆ. ಎಡಗಡೆ ಕೇಬಲಿನ ತುದಿಯನ್ನು ಹಿಡಿದಿಡುವ ಸಣ್ಣ ಲೋಹದ ಗುಂಡು, ಅಂದರೆ ನಿಪ್ಪಲ್, ಕಳಚಿ ಕೆಳಗೆ ಬಿದ್ದಿತ್ತು. ನಿಪ್ಪಲ್ ಒಳಗೆ ವೈರಿನ ಎಳೆಗಳನ್ನು ಬಿಚ್ಚಿ ಹೂವಿನ ಹಾಗೆ ಹರಡಿ ಆಮೇಲೆ ಬೆಸುಗೆ ಹಾಕಬೇಕು, ಆಗ ಎಳೆದರೂ ಬರುವುದಿಲ್ಲ. ಇದರಲ್ಲಿ ವೈರನ್ನು ನೇರ ತೂರಿಸಿ ಮೇಲೆ ಸೀಸ ಹಚ್ಚಿದ್ದರು, ಅಷ್ಟೇ. ಸೈಲೆನ್ಸರ್ ಹತ್ತಿರ ಹಾದುಹೋಗುವ ಔಟರ್, ಅಂದರೆ ಕೇಬಲಿನ ಹೊರ ಕವಚ ಕೂಡ ಅಷ್ಟಕ್ಕೇ ಮೆತ್ತಗಾಗಿತ್ತು.

ಮಾರನೇ ದಿನ ಕೇಬಲ್ ಹಿಡಿದುಕೊಂಡು ಪಿ.ಬಿ. ರೋಡಿನ ಒಂದು ಟ್ರಾಕ್ಟರ್, ಟಿಲ್ಲರ್ ಸ್ಪೇರ್ಸ್ ಅಂಗಡಿಗೆ ಹೋದೆ. ಅಂಗಡಿಯವರು ವಯಸ್ಸಾದವರು, ನನಗೆ ಹಳೇ ಪರಿಚಯ. ಕೇಬಲ್ ಕೈಗೆ ತಗೊಂಡು ಒಂದು ಸಲ ಬಗ್ಗಿಸಿ ನೋಡಿದರು. ಅದರ ಮೇಲಿದ್ದ ಸ್ಟಿಕ್ಕರ್ ಅನ್ನು ಉಗುರಿನಿಂದ ಕೆರೆದರು. ಕೆಳಗೆ ಬೇರೆ ಅಕ್ಷರ ಇತ್ತು. ‘ತಮ್ಮಾ, ಇದು ಟಿಲ್ಲರ್ ಎಕ್ಸಲೇಟರ್ ಕೇಬಲ್ ಅಲ್ಲೇನೋ’ ಅಂದರು. ಹಿಂದೆ ತಿರುಗಿ ಮೊಳೆಗೆ ನೇತು ಹಾಕಿದ್ದ ಗೊಂಚಲಿನಿಂದ ಒಂದು ತೆಗೆದು ಪಕ್ಕಕ್ಕೆ ಇಟ್ಟರು. ಅದೇ. ಅದೇ ಔಟರ್, ಅದೇ ತುದಿ, ಅದೇ ರಬ್ಬರ್ ಟೋಪಿ. ‘ಇನ್ನೂರ ಅರವತ್ತು ರೂಪಾಯಿ. ನಿನಗೆ ಎಷ್ಟಕ್ಕೆ ಕೊಟ್ಟ?’ ಅಂತ ಕೇಳಿದರು. ನಾನು ಹೇಳಲಿಲ್ಲ. ಬಾಯಿ ಬರಲಿಲ್ಲ. ದಿನಾ ಕಬ್ಬಿಣದ ಜೊತೆ ಬದುಕುವವನು ನಾನು. ಕಣ್ಣ ಮುಂದೆ ಇದ್ದದ್ದು ಕಾಣಲಿಲ್ಲ.

ಕಿಟ್ ಮಾರಿದವನ ಉತ್ತರಗಳು ಇವು. ಮೊದಲು ‘ನೀವು ಫಿಟ್ಟಿಂಗ್ ಸರಿಯಾಗಿ ಮಾಡಿಲ್ಲ ಸಾರ್, ತೂತು ಹೊಡೆದಿದ್ದೀರಿ’. ತಿರುಗಿಸಿ ಹಾಕಿ ಅಂದವನು ಇವನೇ! ಆಮೇಲೆ ‘ಏರ್‌ಕ್ರಾಫ್ಟ್ ಗ್ರೇಡ್ ಅಂದ್ರೆ ಕ್ವಾಲಿಟಿ ಅಂತ ಸಾರ್, ವಿಮಾನದ್ದು ಅಂತ ನಾನೆಲ್ಲಿ ಹೇಳಿದೆ?’ ಸರ್ಟಿಫಿಕೇಟ್ ಕಾಗದವನ್ನು ಆಗ ದೊಡ್ಡದು ಮಾಡಿ ಓದಿದೆ. ಅದು ಯಾವುದೋ ಬೋಲ್ಟಿನದ್ದು, ಕೇಬಲ್ ಅನ್ನುವ ಪದವೇ ಇಲ್ಲ. ಕೇಳಿದರೆ ‘ಆಫೀಸ್ ಹುಡುಗ ತಪ್ಪಾಗಿ ಕಳಿಸಿದ್ದಾನೆ’. ಕೊನೆಗೆ ಬಂದ ಮೆಸೇಜ್ ಈಗಲೂ ನನ್ನ ಫೋನಿನಲ್ಲಿದೆ: ‘ನೀವು ನಿಜವಾಗ್ಲೂ ಕೂತು ಹಾರಿಸ್ತೀರಾ ಸಾರ್? ನಾನು ಶೋಗೆ ಇಡೋ ಮಾಡೆಲ್ ಅಂದ್ಕೊಂಡಿದ್ದೆ.’ ಅದಾದ ಮೇಲೆ ಬ್ಲಾಕ್ ಮಾಡಿದ. ದುಡ್ಡು ಹೋದದ್ದಕ್ಕಿಂತ ಈ ಮಾತು ಜಾಸ್ತಿ ಸುಟ್ಟಿತು.

ತಗೊಳ್ಳುವವರಿಗೆ ಇಷ್ಟು ಹೇಳುತ್ತೇನೆ. ಎಂಜಿನ್ ಯಾವುದು, ಕಾರ್ಬ್ಯುರೇಟರ್ ಎಷ್ಟು, ಸ್ಪ್ರಿಂಗ್ ಯಾವ ಕಡೆ ಎಳೆಯುತ್ತದೆ ಅಂತ ಕೇಳದವನ ಹತ್ತಿರ ಏನೂ ತಗೋಬೇಡಿ. ಕಾಗದದಲ್ಲಿ ಇರುವ ಪಾರ್ಟ್ ನಂಬರ್ ವಸ್ತುವಿನ ಮೇಲೂ ಇರಬೇಕು. ಎಳೆಯುವುದಕ್ಕೆ ಮಾತ್ರ ಆಗುವ ಕೇಬಲ್ ಬೇರೆ, ತಳ್ಳುವುದಕ್ಕೂ ಎಳೆಯುವುದಕ್ಕೂ ಆಗುವ ಗಟ್ಟಿ ಒಳತಂತಿಯ ಕೇಬಲ್ ಬೇರೆ, ಮಾರುವವನಿಗೆ ಆ ವ್ಯತ್ಯಾಸವೇ ಗೊತ್ತಿಲ್ಲದಿದ್ದರೆ ಫೋನ್ ಇಡಿ. ಎಂಜಿನ್ ಶುರು ಮಾಡುವ ಮೊದಲು ಲಿವರ್ ಅನ್ನು ನೂರು ಸಲ ಆಡಿಸಿ, ಬಾಕ್ಸ್ ಬಿಚ್ಚಿ ಪ್ರತಿ ನಿಪ್ಪಲ್ ಎಳೆದು ನೋಡಿ. ಕೈ ಇಗ್ನಿಷನ್ ಸ್ವಿಚ್ ಹತ್ತಿರವೇ ಇರಲಿ. ಬಾಲ ಕಟ್ಟದೆ ಓಡಿಸಲೇಬೇಡಿ.

ಹುಬ್ಬಳ್ಳಿಯವರು ಇನ್ನೂ ದುಡ್ಡು ಹಾಕಿರಲಿಲ್ಲ, ಉಳಿದರು. ಆದರೆ ಆ ಕೆಂಪು ಬಟ್ಟೆಯ ಫೋಟೋ ಎಷ್ಟು ಜನರಿಗೆ ಹೋಗಿದೆಯೋ. ಈಗಾಗಲೇ ತಗೊಂಡವರು ಯಾರಾದರೂ ಇದ್ದರೆ, ದಯವಿಟ್ಟು ಇವತ್ತೇ ಬಾಕ್ಸಿನ ನಾಲ್ಕು ಸ್ಕ್ರೂ ಬಿಚ್ಚಿ ಒಳಗೆ ನೋಡಿ. ಅಲ್ಲಿಯವರೆಗೆ ಎಂಜಿನ್ ಮುಟ್ಟಬೇಡಿ.