ಒತ್ತಿ ಹಿಡಿದರಷ್ಟೇ ತಿರುಗುವ ಗ್ರೈಂಡರ್ ನನಗಿರಲಿ

ಆಂಗಲ್ ಗ್ರೈಂಡರ್ (ತಿರುಗುವ ಡಿಸ್ಕಿನಿಂದ ಲೋಹ ಕತ್ತರಿಸುವ, ಉಜ್ಜುವ ಕೈಯಂತ್ರ) ಕೊಳ್ಳುವವರು ವ್ಯಾಟ್ ನೋಡುತ್ತಾರೆ, ತೂಕ ನೋಡುತ್ತಾರೆ; ಸ್ವಿಚ್ ನೋಡುವವರು ಕಡಿಮೆ. ಎರಡು ಬಗೆಯವನ್ನೂ ಬಳಸಿದ ಮೇಲೆ ನಾನು ಮೊದಲು ನೋಡುವುದೇ ಅದನ್ನು. ಹಿಡಿಯ ಅಡಿಯಲ್ಲಿರುವ ಪ್ಯಾಡಲ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವ ಯಂತ್ರ ನನ್ನ ಮೆಚ್ಚಿನದು. ಅದಕ್ಕೂ ಮೊದಲು ಕೊಂಡಿದ್ದು ಸ್ಲೈಡ್ ಸ್ವಿಚ್ಚಿನದು: ಗುಂಡಿಯನ್ನು ಮುಂದಕ್ಕೆ ತಳ್ಳಿದರೆ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ.

ಸ್ಲೈಡಿನದು ಹಿಡಿಯಲು ಹಗುರ, ಕೈಗೆ ಆಯಾಸವಿಲ್ಲ. ನನಗೆ ಬೇಡವಾದದ್ದು ಒಂದೇ ಕಾರಣಕ್ಕೆ. ಕೆಲಸದ ನಡುವೆ ವಿದ್ಯುತ್ ಹೋಯಿತು; ಡಿಸ್ಕ್ ನಿಂತಿತು, ಯಂತ್ರವನ್ನು ಬೆಂಚಿನ ಮೇಲಿಟ್ಟೆ. ವಿದ್ಯುತ್ ಬಂದದ್ದೇ ತಡ, ಯಾರೂ ಮುಟ್ಟದ ಯಂತ್ರ ತಾನಾಗಿಯೇ ತಿರುಗತೊಡಗಿ ಬೆಂಚಿನಿಂದ ಕೆಳಗೆ ಹಾರಿತು. 125 ಮಿ.ಮೀ. ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ ಸುಮಾರು 260 ಕಿ.ಮೀ.! ಪಕ್ಕದಲ್ಲಿ ಯಾರದಾದರೂ ಕೈ ಇದ್ದಿದ್ದರೆ?

ಇದನ್ನು ತಡೆಯುವುದು ಗೊತ್ತಿಲ್ಲದ ವಿದ್ಯೆಯಲ್ಲ. ವಿದ್ಯುತ್ ಹೋಗಿ ಬಂದರೆ, ಸ್ವಿಚ್ಚನ್ನು ಒಮ್ಮೆ ಆರಿಸಿ ಮತ್ತೆ ಹಾಕುವ ತನಕ ಮೋಟಾರು ಓಡದಂತೆ ಮಾಡುವ ಸರ್ಕ್ಯೂಟ್ ಇದೆ. ಅದೇ ಕಂಪನಿಯ ದುಬಾರಿ ಮಾದರಿಯಲ್ಲಿ ಅದನ್ನು ಹಾಕಿದ್ದಾರೆ, ನಾನು ಕೊಂಡದ್ದರಲ್ಲಿ ಬಿಟ್ಟಿದ್ದಾರೆ. ವ್ಯಾಟ್ ಇಳಿಸಿದರೆ ಪೆಟ್ಟಿಗೆಯ ಮೇಲೆ ಎದ್ದು ಕಾಣುತ್ತದೆ. ಈ ತಡೆ ಸರ್ಕ್ಯೂಟ್ ತೆಗೆದರೆ ಅಂಗಡಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಬೆಲೆಯ ಪೈಪೋಟಿಯಲ್ಲಿ ಮೊದಲು ಕತ್ತರಿ ಬೀಳುವುದು ಇಂಥದ್ದಕ್ಕೇ. ಅಗ್ಗದ ಯಂತ್ರ ಕೊಂಡವರ ಬೆರಳುಗಳೇನು ಅಗ್ಗವೇ? ಇದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಪ್ಯಾಡಲ್ ಈ ಅಪಾಯವನ್ನು ಸರ್ಕ್ಯೂಟ್ ಇಲ್ಲದೆ, ಬರಿಯ ಸ್ಪ್ರಿಂಗಿನಿಂದಲೇ ತಪ್ಪಿಸುತ್ತದೆ. ಕೈ ಬಿಟ್ಟರೆ ಸಂಪರ್ಕ ಕಡಿಯಿತು. ಸುಮ್ಮನೆ ಕೆಳಗಿಟ್ಟಾಗ ಅದುಮಿಕೊಳ್ಳದಂತೆ ಪ್ಯಾಡಲಿನಲ್ಲೇ ಸಣ್ಣ ನಾಲಿಗೆಯೂ ಇದೆ. ಆದರೆ ಕೊಳ್ಳುವಾಗ ಒಂದನ್ನು ಗಮನಿಸಬೇಕು: ಒತ್ತಿದ ಪ್ಯಾಡಲ್ ಅಲ್ಲೇ ನಿಲ್ಲುವಂತೆ ಲಾಕ್ ಗುಂಡಿ ಕೊಟ್ಟ ಮಾದರಿಗಳೂ ಉಂಟು. ಅದನ್ನು ಬಳಸಿದರೆ ಪ್ಯಾಡಲಿನ ಉಪಯೋಗವೇ ಹೋಯಿತು. ನನ್ನದರಲ್ಲಿ ಅದಿಲ್ಲ.

ಗಾರ್ಡ್, ಅಂದರೆ ಡಿಸ್ಕಿನ ರಕ್ಷಣೆಯ ಕವಚ: ಅದನ್ನು ತಿರುಗಿಸಲು ಸ್ಲೈಡಿನದಕ್ಕೆ ಸ್ಕ್ರೂಡ್ರೈವರ್ ಬೇಕು, ಪ್ಯಾಡಲಿನದು ಕೈಯಲ್ಲೇ ತಿರುಗುತ್ತದೆ. ಬ್ರೇಕ್ ಎರಡರಲ್ಲೂ ಇಲ್ಲ. ಡಿಸ್ಕ್ ಪೂರ್ತಿ ನಿಲ್ಲುವ ತನಕ ಕಾಯಲೇಬೇಕು.

ನನ್ನದು ಕಬ್ಬಿಣದ ಪಟ್ಟಿ ಕತ್ತರಿಸುವ, ವೆಲ್ಡಿಂಗ್ ಉಬ್ಬು ಸವರುವ ಚಿಕ್ಕ ಚಿಕ್ಕ ಕೆಲಸ. ಅಷ್ಟು ಹೊತ್ತು ಒತ್ತಿ ಹಿಡಿಯುವುದು ಕಷ್ಟವಲ್ಲ. ದಿನವಿಡೀ ಉಜ್ಜುವವರಿಗೆ ಅಂಗೈ ನೋಯುತ್ತದೆ. ಅವರು ತಡೆಯೂ ಬ್ರೇಕೂ ಇರುವ ಸ್ಲೈಡ್ ಮಾದರಿಗೆ ಹಣ ಹಾಕಲಿ. ನನ್ನ ಬಜೆಟ್ಟಿಗೆ ಅದು ಎಟುಕಲಿಲ್ಲ. ನನ್ನಲ್ಲಿದ್ದ ಹಣಕ್ಕೆ ಹೆಚ್ಚು ವ್ಯಾಟಿನ ಸಾದಾ ಸ್ಲೈಡ್ ಸಿಗುತ್ತಿತ್ತು, ಕಡಿಮೆ ವ್ಯಾಟಿನ ಪ್ಯಾಡಲ್ ತೆಗೆದುಕೊಂಡೆ. ದಪ್ಪ ಪಟ್ಟಿ ಕತ್ತರಿಸಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲಿ.