ಜೀಪಿನ ಹೌಸಿಂಗ್ ಸೋರಿದರೆ: ಎಂಸೀಲಾ, ಸಿಲಿಕೋನಾ, ಹಿತ್ತಾಳೆ ವೆಲ್ಡಿಂಗಾ?

ಮಲೆನಾಡಿನ ತೋಟಗಳಲ್ಲಿ ಈಗಲೂ ದುಡಿಯುತ್ತಿರುವ ಹಳೆ ಮಹೀಂದ್ರ ಜೀಪುಗಳ ಹಿಂದಿನ ಆಕ್ಸಲ್ ನೋಡಿದ್ದೀರಲ್ಲ? ಮಧ್ಯೆ ಎರಕದ ಗುಂಡು, ಎರಡೂ ಕಡೆ ಉಕ್ಕಿನ ಪೈಪು, ಹಿಂದೆ ಬೋಲ್ಟ್ ಹಾಕಿದ ತಗಡಿನ ಮುಚ್ಚಳ. ಗೇರು, ಆಯಿಲ್ ಎಲ್ಲ ಒಳಗಿರುವ ಈ ಕವಚವೇ ಹೌಸಿಂಗ್. ನಮ್ಮ ಎಂಎಂ 540 ಜೀಪಿನಲ್ಲಿ ಈ ಮುಚ್ಚಳ ಒಮ್ಮೆ ಅಂಚಿನಲ್ಲಿ ಸೋರಿದರೆ, ಇನ್ನೊಮ್ಮೆ ಕಲ್ಲು ಬಡಿದು ಬಿರುಕು ಬಿಟ್ಟು ಸೋರಿತು. ಹಾಗಾಗಿ ಊರಲ್ಲಿ ಸಿಗುವ ಮದ್ದೆಲ್ಲ ಅದಕ್ಕೆ ಹಾಕಿ ನೋಡಿದ್ದಾಗಿದೆ.

ಮೊದಲು ಸೋರುವ ಜಾಗ ಪತ್ತೆಯಾಗಬೇಕು. ಗಾಳಿಗೆ ಆಯಿಲ್ ಎಲ್ಲೆಲ್ಲೋ ಹರಡಿರುತ್ತದೆ. ಹೌಸಿಂಗನ್ನು ಡೀಸೆಲ್‌ನಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಮೇಲೆ ಸುಮ್ನೆ ಟಾಲ್ಕಂ ಪೌಡರ್ ಉದುರಿಸಿ ಒಂದು ಸುತ್ತು ಓಡಿಸಿ. ಪೌಡರ್ ಎಲ್ಲಿ ಒದ್ದೆಯಾಯಿತೋ ಅದೇ ಜಾಗ. ಮುಂದೆ, ಗೇರ್‌ಬಾಕ್ಸ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಸೇರುವಲ್ಲಿ ಒದ್ದೆಯಾದರೆ, ಅಲ್ಲಿ ಆಯಿಲ್ ತಡೆಯುವ ಪಿನಿಯನ್ ಸೀಲ್ ಹೋಗಿದೆ. ಅದಕ್ಕೆ ಹೊಸ ಸೀಲೇ ಗತಿ, ಯಾವ ಪೇಸ್ಟೂ ಕೆಲಸಕ್ಕೆ ಬರುವುದಿಲ್ಲ.

ಬಿರುಕಿಗೆ ಎಲ್ಲರೂ ಮೊದಲು ಹೇಳುವುದು ಎಂಸೀಲ್, ಅಂದರೆ ಎರಡು ಮುದ್ದೆ ಕಲಸಿ ಹಚ್ಚುವ, ಆಮೇಲೆ ಕಲ್ಲಿನಂತಾಗುವ ಅಂಟು. ಅಗ್ಗ, ಪೇಟೆಯ ಯಾವ ಅಂಗಡಿಯಲ್ಲೂ ಸಿಗುತ್ತದೆ. ಆಯಿಲ್ ಇಳಿಸಿ, ಉಪ್ಪು ಕಾಗದದಲ್ಲಿ ತಗಡು ಹೊಳೆಯುವಷ್ಟು ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ ಹಚ್ಚಿದರೆ ಹಿಡಿಯುತ್ತದೆ. ಜಿಡ್ಡಿನ ಮೇಲೆ ಹಚ್ಚಿದರೆ ಮಾತ್ರ ದಂಡ. ಆದರೆ ಎಷ್ಟು ಚೆನ್ನಾಗಿ ಹಚ್ಚಿದರೂ ಇನ್ನೊಂದು ಕಲ್ಲು ಬಡಿದಾಗ ಗಾಯದ ಹಕ್ಕಳೆಯಂತೆ ಇಡೀ ತುಂಡು ಎದ್ದು ಬಂತು. ಮನೆ ಸೇರುವವರೆಗೆ ಸಾಕು, ಮಳೆಗಾಲ ಪೂರ್ತಿ ನಂಬಬೇಡಿ.

ಅಂಚಿನ ಸೋರಿಕೆಯಲ್ಲಿ ಪೈಪೋಟಿ ಇರುವುದು ಮುಚ್ಚಳಕ್ಕೂ ಹೌಸಿಂಗಿಗೂ ನಡುವೆ ಇಡುವ ಪೇಪರ್ ಪ್ಯಾಕಿಂಗ್‌ಗೂ, ಅದರ ಬದಲು ಬಳಿಯುವ ಸಿಲಿಕೋನ್ ಪೇಸ್ಟ್‌ಗೂ. ಹೊಸ ಮುಚ್ಚಳವಾದರೆ ಪ್ಯಾಕಿಂಗ್ ಸಾಕು. ಬಿಚ್ಚುವುದೂ ಸುಲಭ. ಹಳೆ ಮುಚ್ಚಳದ ಕಥೆ ಬೇರೆ. ಸೋರುತ್ತದೆ ಅಂತ ಒಬ್ಬೊಬ್ಬರೂ ಬೋಲ್ಟ್ ಬಿಗಿದು ಬಿಗಿದು, ಬೋಲ್ಟ್ ತೂತಿನ ಸುತ್ತ ತಗಡು ಒಳಗೆ ಹೋಗಿ ಎರಡು ತೂತುಗಳ ನಡುವೆ ಉಬ್ಬಿರುತ್ತದೆ. ಕನ್ನಡಿ ಗಾಜಿನ ಮೇಲೆ ಮುಚ್ಚಳ ಬೋರಲು ಹಾಕಿ ನೋಡಿ, ಸಂದಿಯಲ್ಲಿ ಬೆಳಕು ಕಾಣಿಸುತ್ತದೆ. ತೆಳ್ಳನೆ ಪೇಪರ್ ಆ ಸಂದಿಯನ್ನು ಎಲ್ಲಿ ತುಂಬಬೇಕು? ಮೊದಲು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಅಂಚನ್ನು ಮಟ್ಟ ಮಾಡಬೇಕು. ಆಮೇಲೆ ಸಿಲಿಕೋನನ್ನು ಒಂದೇ ಎಳೆಯಾಗಿ, ಬೋಲ್ಟ್ ತೂತುಗಳ ಒಳಬದಿಯಿಂದ ಸುತ್ತ ಎಳೆಯಬೇಕು. ಬೋಲ್ಟನ್ನು ಬರೀ ಕೈಯಲ್ಲಿ ತಿರುಗಿಸಿ ಕೂರಿಸಿ, ಪೇಸ್ಟ್ ಸ್ವಲ್ಪ ಗಟ್ಟಿಯಾದ ಮೇಲೆ ಎದುರುಬದುರಾಗಿ ಬಿಗಿಯಬೇಕು. ಜಾಸ್ತಿ ಬಳಿದರೆ ಒಳಗೆ ಉಕ್ಕಿದ ತುಣುಕು ಕಿತ್ತು ಆಯಿಲ್‌ನಲ್ಲಿ ಓಡಾಡುತ್ತದೆ.

ಇಲ್ಲಿ ಅವಸರವೇ ಶತ್ರು. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವಾಂಶದಿಂದ. ಪೂರ್ತಿ ಹಿಡಿಯಲು ಸುಮಾರು 24 ಗಂಟೆ ಬೇಕು. ಗ್ಯಾರೇಜಿನವರು ಒಂದು ಟೀ ಕುಡಿದು ಬಂದು ಆಯಿಲ್ ಸುರಿದುಬಿಡುತ್ತಾರೆ, ಅಲ್ವಾ? ಹಾಗೆ ಮಾಡಿದ್ದು ವಾರದಲ್ಲೇ ಮತ್ತೆ ಸೋರಿತು. ರಾತ್ರಿಯಿಡೀ ಬಿಟ್ಟು ಮಾರನೇ ದಿನ ಆಯಿಲ್ ಹಾಕಿದ್ದು ಇವತ್ತಿಗೂ ಒಣಗಿದೆ. ಇನ್ನೊಂದು ಮಾತು: ಆಯಿಲ್ ಇಳಿಸುವ ಮುಂಚೆ ಆಯಿಲ್ ತುಂಬುವ ಪ್ಲಗ್ ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಕೂತಿದ್ದರೆ, ಖಾಲಿ ಹೌಸಿಂಗ್ ಇಟ್ಟುಕೊಂಡು ಏನು ಮಾಡುತ್ತೀರಿ?

ಬಿರುಕಿಗೆ ನನ್ನ ಓಟು ಹಿತ್ತಾಳೆ ವೆಲ್ಡಿಂಗ್‌ಗೆ. ಮುಚ್ಚಳ ಕಳಚಿ ಒಯ್ದರೆ ಗ್ಯಾಸ್ ವೆಲ್ಡಿಂಗ್‌ನವರು ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ಬಿರುಕು ಮುಂದೆ ಓಡದಂತೆ ಮಾಡಿ, ಹಿತ್ತಾಳೆ ಹರಿಸುತ್ತಾರೆ. ಹಿತ್ತಾಳೆ ಉಕ್ಕಿಗಿಂತ ಬೇಗ ಕರಗುವುದರಿಂದ ತಗಡು ತೂತಾಗುವುದಿಲ್ಲ. ಕರೆಂಟ್ ವೆಲ್ಡಿಂಗ್‌ನಲ್ಲಿ ತೆಳು ತಗಡು ಸುಲಭವಾಗಿ ಸುಟ್ಟು ತೂತಾಗುತ್ತದೆ. ಬಿಸಿಗೆ ಅಂಚು ಸೊಟ್ಟಗಾಗಬಹುದು, ಹಾಗಾಗಿ ವಾಪಸ್ ಬಂದ ಮುಚ್ಚಳವನ್ನು ಮತ್ತೆ ಗಾಜಿನ ಮೇಲಿಟ್ಟು ನೋಡಿ. ಮುಚ್ಚಳ ಬಿಚ್ಚದೆ ಗಾಡಿಯಲ್ಲೇ ಕರೆಂಟ್ ವೆಲ್ಡ್ ಮಾಡಲು ಮಾತ್ರ ಬಿಡಬೇಡಿ. ಒಳಗಿನ ಆಯಿಲ್ ಆವಿಗೆ ಬೆಂಕಿ ಹತ್ತಬಹುದು. ಅರ್ತ್ ಕ್ಲಿಪ್ಪನ್ನು ದೂರದ ಚಕ್ರಕ್ಕೋ ಶಾಫ್ಟಿಗೋ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದರ ಮೇಲೆ ಕಲೆ ಬೀಳುತ್ತದೆ. ಸೋರಿಕೆ ನಿಂತರೂ ಆಮೇಲೆ ಬೇರಿಂಗ್ ಕೂಗಲು ಶುರು.

ಇಷ್ಟೆಲ್ಲ ಮಾಡಿದರೂ ಸೋರುತ್ತಿದ್ದರೆ ಬ್ರೀದರ್ ನೋಡಿ. ಆಕ್ಸಲ್ ಮೇಲಿನ ಆ ಚಿಕ್ಕ ಗಾಳಿಕಿಂಡಿ ಕೆಸರಿನಿಂದ ಕಟ್ಟಿದರೆ, ಬಿಸಿಯಾದ ಗಾಳಿ ಹಿಗ್ಗಿ ಆಯಿಲನ್ನು ಸೀಲಿನಿಂದ ಆಚೆ ತಳ್ಳುತ್ತದೆ. ಬಿಸಿ ಆಕ್ಸಲ್ ಹಳ್ಳಕ್ಕೆ ಇಳಿದಾಗ ಇದೇ ಉಲ್ಟಾ: ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಂಡು, ಆಯಿಲ್ ಹಾಲು ಬೆರೆತಂತಾಗುತ್ತದೆ. ನಾನು ಬ್ರೀದರ್‌ಗೆ ರಬ್ಬರ್ ಪೈಪ್ ಸಿಕ್ಕಿಸಿ ಚಾಸಿ ಮೇಲಕ್ಕೆ ಒಯ್ದು, ಬಾಯಿ ಕೆಳಮುಖವಾಗಿ ಕಟ್ಟಿದ್ದೇನೆ. ಆಕ್ಸಲ್ ಕೆಳಗೆ ಇಳಿದಾಗ ಎಳೆಯದಷ್ಟು ಉದ್ದ ಬಿಡಬೇಕು, ಅಷ್ಟೇ.